ರಾಜಕುಮಾರರ ಇಂಗ್ಲಿಷ್ ಹಾಡು

ಮಡಿಕೇರಿಯ ದಸರೆಯನ್ನು ಕಂಡವರಿಗೆ, ವಿಜಯದಶಮಿಯ ರಾತ್ರಿ ಈ ಊರಿನಲ್ಲಿ ನಿದ್ರೆಯೆಂಬುದಿಲ್ಲವೆಂದು ನಾನು ಬೇರೆ ಹೇಳಬೇಕಾದುದಿಲ್ಲ. ಹತ್ತು ದೇವಾಲಯಗಳ ಮಂಟಪಗಳು ದೀಪಗಳಿಂದ ಜಗಜಗಿಸುತ್ತ ಒಂದರ ಹಿಂದೊಂದು ಬೀದಿಗಿಳಿಯುವುವು. ದೇವಾಸುರರ ಯುದ್ಧವು ಯಂತ್ರಗಳ ಸಹಾಯದಿಂದ ಕಣ್ಣೆದುರಿಗೇ ನಡೆಯುವುದು. ಬೆಳಗಿನ ಜಾವದ ಮಂಜು ತಲೆಯ ಮೇಲಿಳಿಯುವವರೆಗೂ ಜನರು ಮನೆಯ ದಾರಿ ಹಿಡಿಯರು. ಕಳೆದ ದಸರೆಯ ಆ ರಾತ್ರಿ ನಾನೂ ಶಾಲು ಹೊದ್ದು, ಕಾಲೇಜಿನಲ್ಲಿ ಓದುತ್ತಿರುವ ಅಣ್ಣನ ಮೊಮ್ಮಗನ ಹೆಗಲ ಮೇಲೆ ಕೈಯಿಟ್ಟುಕೊಂಡು, ಬೀದಿಯ ಒಂದು ಮೂಲೆಯಲ್ಲಿ ನಿಂತಿದ್ದೆನು. ಒಂದು ಮಂಟಪವು ಮುಂದೆ ಸಾಗಿ ಮತ್ತೊಂದು ಇನ್ನೂ ಬಾರದಿದ್ದ ಬಿಡುವಿನಲ್ಲಿ, ಎಲ್ಲಿಂದಲೋ ಒಂದು ಧ್ವನಿವರ್ಧಕವು ಹಾಡತೊಡಗಿತು. ಗಡಿಯಾರದ ಮುಳ್ಳು ನಡೆದಂತೆ ಒಂದು ಶಬ್ದ, ಅದರ ಕೆಳಗೆ ಎದೆಯ ಬಡಿತದಂತಹ ತಾಳ, ಅದರ ಮೇಲೆ ಕನ್ನಡನಾಡಿಗೆಲ್ಲ ಪರಿಚಿತವಾದ ಆ ಕಂಠ. ತರುಣರೆಲ್ಲರೂ ‘ಹೋ’ ಎಂದು ಕೂಗಿ ಕುಣಿಯತೊಡಗಿದರು.

“ಚಿಕ್ಕಜ್ಜಾ, ಇದಕ್ಕೆ ಫಂಕ್ ಅಂತಾರೆ, ನಿಮಗೆ ಗೊತ್ತಾ?” ಎಂದು ಹುಡುಗನು ನನ್ನ ಕಿವಿಯ ಬಳಿ ಕೂಗಿದನು.

“ಫಂಕ್ ಗೊತ್ತಿಲ್ಲಪ್ಪಾ, ಹಾಡು ಗೊತ್ತು” ಎಂದೆನು.

ಗೊತ್ತಿದೆಯೆಂದರೆ ಸಾಲದು. ಆ ಹಾಡಿನ ವಿಷಯದಲ್ಲಿ ನಾನು ತೀರಿಸಬೇಕಾದ ಒಂದು ಹಳೆಯ ಸಾಲವುಂಟು. ಅದನ್ನು ಈವರೆಗೆ ಯಾರಲ್ಲಿಯೂ ಹೇಳಿದವನಲ್ಲ. ವಾಚಕರು ತಾಳ್ಮೆಯಿಂದ ಕೇಳುವುದಾದರೆ, ಹಾಡಿನ ಕಥೆಯನ್ನೂ ಸಾಲದ ಕಥೆಯನ್ನೂ ಒಟ್ಟಿಗೇ ಹೇಳಿಬಿಡುವೆನು.

ಹಾಡು ‘ಇಫ್ ಯೂ ಕಮ್ ಟುಡೇ’ ಎಂಬುದು. ೧೯೭೮ರಲ್ಲಿ ತೆರೆಕಂಡ ‘ಆಪರೇಷನ್ ಡೈಮಂಡ್ ರಾಕೆಟ್’ ಎಂಬ ಕನ್ನಡ ಚಿತ್ರದಲ್ಲಿ ಡಾ. ರಾಜಕುಮಾರರು ಹಾಡಿದುದು. ದೊರೈ ಮತ್ತು ಭಗವಾನ್ ಎಂಬ ಜೋಡಿಯ ನಿರ್ದೇಶಕರು, ಇಂಗ್ಲಿಷಿನ ಜೇಮ್ಸ್ ಬಾಂಡನ ಚಿತ್ರಗಳ ಮಾದರಿಯಲ್ಲಿ ನಮ್ಮ ಭಾಷೆಗೂ ಒಬ್ಬ ಗೂಢಚಾರನಿರಲೆಂದು ೧೯೬೮ರಲ್ಲಿ ‘ಜೇಡರ ಬಲೆ’ಯನ್ನು ತೆಗೆದಿದ್ದರು. ಆ ಗೂಢಚಾರನ ಹೆಸರು ಸಿ.ಐ.ಡಿ. ೯೯೯. ಅದೇ ಮಾಲಿಕೆಯ ನಾಲ್ಕನೆಯ ಚಿತ್ರವು ಈ ‘ಡೈಮಂಡ್ ರಾಕೆಟ್’. ಸಂಗೀತವು ಜಿ. ಕೆ. ವೆಂಕಟೇಶರದು, ಸಾಹಿತ್ಯವು ಚಿ. ಉದಯಶಂಕರರದು. ಹಾಡಿನ ಭಾವವಾದರೋ ಬಹಳ ಸರಳ. ನಾಯಕಿಯು ಯಾವ ದಿನ ಬಂದರೂ ಹೊತ್ತು ಸರಿಹೊಂದದು, ಆದುದರಿಂದ ಹೊತ್ತನ್ನು ಅವಳೇ ಆರಿಸಿಕೊಳ್ಳಲಿ ಎಂಬ ವಿನೋದ. ಅದಕ್ಕೆ ಗಡಿಯಾರದ ಸದ್ದೇ ಪಲ್ಲವಿ.

ಇವರಾರೂ ಬೀದಿಯ ಮೋಜಿಗಾಗಿ ಹಾಡು ಕಟ್ಟುವ ಅಲ್ಪವಿದ್ಯರಲ್ಲ. ೧೯೬೬ರ ‘ಸಂಧ್ಯಾರಾಗ’ದಲ್ಲಿ ಪಂಡಿತ ಭೀಮಸೇನ ಜೋಶಿಯವರ ಕಂಠವನ್ನು ಕನ್ನಡ ಚಿತ್ರರಸಿಕರಿಗೆ ಕೇಳಿಸಿದವರು ಇದೇ ವೆಂಕಟೇಶರು. ‘ಕಸ್ತೂರಿ ನಿವಾಸ’ಕ್ಕೂ ‘ಬಂಗಾರದ ಮನುಷ್ಯ’ಕ್ಕೂ ಸಂಗೀತವನ್ನು ಕೊಟ್ಟವರು ಇವರೇ. ಇಂದು ಜಗತ್ತೇ ಬಲ್ಲ ಇಳಯರಾಜರು ತಮ್ಮ ಆರಂಭದ ದಿನಗಳಲ್ಲಿ ಇವರ ಸಹಾಯಕರಾಗಿದ್ದರು. ಉದಯಶಂಕರರು ತಂದೆ ಚಿ. ಸದಾಶಿವಯ್ಯನವರ ಕಾಲದಿಂದಲೂ ಸಾಹಿತ್ಯದ ಮನೆಯವರು. ಹಳ್ಳಿಯ ಅಜ್ಜಿಗೂ ಅರ್ಥವಾಗುವ ಕನ್ನಡದಲ್ಲಿ ಹಾಡು ಬರೆಯುವುದರಲ್ಲಿ ಅವರಿಗೆ ಸಮಾನರು ವಿರಳ. ಇಂತಹ ಇಬ್ಬರು ಸೇರಿ, ಒಂದು ಕನ್ನಡ ಚಿತ್ರಕ್ಕಾಗಿ ಮೊದಲಿನಿಂದ ಕೊನೆಯವರೆಗೆ ಇಂಗ್ಲಿಷಿನ ಹಾಡೊಂದನ್ನು ಕಟ್ಟಿ, ಅದನ್ನು ರಾಜಕುಮಾರರ ಕೈಯಲ್ಲಿ ಹಾಡಿಸಿದರು. ಆಗಿನ ಕಾಲದಲ್ಲಿ ಹಾಡಿನ ಮುದ್ರಣವೆಂದರೆ ಇಂದಿನಂತೆ ತುಂಡುತುಂಡಾಗಿ ಜೋಡಿಸುವ ಕೆಲಸವಲ್ಲ. ವಾದ್ಯಗಾರರೂ ಗಾಯಕರೂ ಒಂದೇ ಕಾಲದಲ್ಲಿ ಕುಳಿತು ನುಡಿಸಿ ಹಾಡಬೇಕು. ಒಬ್ಬನು ತಪ್ಪಿದರೆ ಎಲ್ಲರೂ ಮೊದಲಿನಿಂದ ಆರಂಭಿಸಬೇಕು. ಅಂತಹ ಸಭೆಯಲ್ಲಿ ನಿಂತು, ತನ್ನದಲ್ಲದ ಭಾಷೆಯನ್ನು ತನ್ನದಲ್ಲದ ತಾಳದಲ್ಲಿ ಹಾಡುವುದಕ್ಕೆ ಎಷ್ಟು ಧೈರ್ಯ ಬೇಕೆಂಬುದನ್ನು ಸಭಾಕಂಪನವನ್ನು ಅನುಭವಿಸಿದವರೇ ಬಲ್ಲರು.

ರಾಜಕುಮಾರರ ಓದನ್ನಾದರೂ ನೆನೆಯಬೇಕು. ಬಡ ನಟನೊಬ್ಬನ ಮಗನಾಗಿ ೧೯೨೯ರಲ್ಲಿ ಹುಟ್ಟಿದ ಮುತ್ತುರಾಜನು ಚಿಕ್ಕಂದಿನಲ್ಲಿಯೇ ಶಾಲೆಯನ್ನು ಬಿಟ್ಟು ತಂದೆಯೊಡನೆ ಗುಬ್ಬಿ ಕಂಪನಿಯನ್ನು ಸೇರಿದನು. ಕಂಪನಿ ನಾಟಕದ ವಿದ್ಯೆಯು ಕಣ್ಣಿನ ವಿದ್ಯೆಯಲ್ಲ, ಕಿವಿಯ ವಿದ್ಯೆ. ಹಿರಿಯ ನಟನು ನುಡಿದುದನ್ನು ಕೇಳಬೇಕು, ನುಂಗಬೇಕು, ಮರುದಿನ ರಂಗದ ಮೇಲೆ ಅದೇ ಏರಿಳಿತದಲ್ಲಿ ಒಪ್ಪಿಸಬೇಕು. ೧೯೫೪ರ ‘ಬೇಡರ ಕಣ್ಣಪ್ಪ’ನಿಂದ ಚಿತ್ರನಟರಾದ ಮೇಲೂ ಬಹುಕಾಲ ಅವರಿಗೆ ಕಂಠವನ್ನು ಕೊಡುತ್ತಿದ್ದವರು ಪಿ. ಬಿ. ಶ್ರೀನಿವಾಸರು. ೧೯೭೪ರ ‘ಸಂಪತ್ತಿಗೆ ಸವಾಲ್’ ಬಂದ ಮೇಲೆಯೇ ಜನರು ರಾಜಕುಮಾರರನ್ನು ಗಾಯಕರೆಂದು ಎಣಿಸತೊಡಗಿದುದು. ೧೯೭೬ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಅವರಿಗೆ ಗೌರವ ಡಾಕ್ಟರೇಟನ್ನು ಕೊಟ್ಟಿತು. ಅದಾದ ಎರಡು ವರ್ಷಕ್ಕೆ ಈ ಇಂಗ್ಲಿಷ್ ಹಾಡು.

ಆ ವರ್ಷ ನಾನು ಮೈಸೂರಿನಲ್ಲಿ ಒಂದು ಸಂಸ್ಕೃತ ಪಾಠಶಾಲೆಯ ವಿದ್ಯಾರ್ಥಿ. ಮುಂಜಾನೆ ಸಂಧ್ಯಾವಂದನೆ, ಅನಂತರ ವ್ಯಾಕರಣಪಾಠ, ಮಧ್ಯಾಹ್ನ ಸಾಹಿತ್ಯ. ಸಿನೆಮಾ ನೋಡುವುದು ನಿಷಿದ್ಧವಲ್ಲವಾದರೂ ಪ್ರಶಂಸನೀಯವಲ್ಲ. ನಾವು ನಾಲ್ವರು ಗೆಳೆಯರು ಅದನ್ನು ನೋಡಿ ಬಂದೆವು. ಮರುದಿನದಿಂದ ಕೆರೆಯ ಮೆಟ್ಟಿಲ ಮೇಲೆ, ಹೋಟೆಲಿನ ರೇಡಿಯೋದ ಮುಂದೆ, ಎಲ್ಲಿ ನೋಡಿದರೂ ಅದೇ ಗಡಿಯಾರದ ಹಾಡು. ಜಟಕಾದವನು ಹಾಡುತ್ತಿದ್ದನು, ಹೂವು ಮಾರುವವಳ ಮಗನು ಹಾಡುತ್ತಿದ್ದನು. ಇಂಗ್ಲಿಷಿನ ಒಂದಕ್ಷರವನ್ನೂ ಓದದವರು ಇಂಗ್ಲಿಷನ್ನು ಹಾಡಿದರು. ಇಂಗ್ಲಿಷನ್ನು ಓದಿದವರು ಮಾತ್ರ ಹಾಡಲಿಲ್ಲ, ನಕ್ಕರು. ‘ಟ’ಕಾರವು ನಮ್ಮ ಮೂರ್ಧನ್ಯವಾಯಿತು, ಸ್ವರವು ನಮ್ಮ ಹಳ್ಳಿಯ ದೀರ್ಘವಾಯಿತು ಎಂದು ಕಾಲೇಜಿನ ತರುಣರು ಅಣಕಿಸುವುದನ್ನು ನಾನೇ ಕೇಳಿದ್ದೇನೆ. ನಾವಾದರೋ, ಇಂಗ್ಲಿಷ್ ತಿಳಿಯದಿದ್ದರೂ, ಅವರ ನಗೆಯಲ್ಲಿ ಪಾಲುಗೊಂಡೆವು. ನಕ್ಕವರ ಗುಂಪಿನಲ್ಲಿ ನಿಂತರೆ ತಿಳಿದವರ ಗುಂಪಿನಲ್ಲಿ ನಿಂತಂತಾಗುವುದಷ್ಟೆ!

ನಮಗೆ ಉಚ್ಚಾರಣೆಯ ವಿಷಯದಲ್ಲಿ ಹೆಮ್ಮೆಯಿತ್ತು. ಅದಕ್ಕೆ ಕಾರಣವೂ ಇತ್ತು. ಪಾಣಿನೀಯ ಶಿಕ್ಷೆಯಲ್ಲಿ ಅಕ್ಷರವನ್ನು ಹೇಗೆ ನುಡಿಯಬೇಕೆಂಬುದಕ್ಕೆ ಒಂದು ಹೋಲಿಕೆಯುಂಟು. ಹೆಣ್ಣು ಹುಲಿಯು ತನ್ನ ಮರಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಒಯ್ಯುವಾಗ, ಎಲ್ಲಿ ಜಾರಿ ಬಿದ್ದೀತೋ ಎಂಬ ಭಯವೊಂದು, ಎಲ್ಲಿ ಹಲ್ಲು ನಾಟೀತೋ ಎಂಬ ಭಯವೊಂದು. ಎರಡರ ನಡುವೆ ಅದು ಹಿಡಿಯುವಂತೆ ಅಕ್ಷರವನ್ನು ಹಿಡಿಯಬೇಕು. ನಮ್ಮ ವ್ಯಾಕರಣದ ಗುರುಗಳು ಇದನ್ನು ಹೇಳುವಾಗ ತಮ್ಮ ತುಟಿಗಳನ್ನೇ ಹುಲಿಯ ಬಾಯಿಯಂತೆ ಮಾಡಿ ತೋರಿಸುತ್ತಿದ್ದರು.

ಒಂದು ದಿನ ಅವರು ಮಹಾಭಾಷ್ಯದ ಪಸ್ಪಶಾಹ್ನಿಕವನ್ನು ಹೇಳುತ್ತಿದ್ದರು. ಶತ್ರುಗಳನ್ನು ಕುರಿತು ‘ಹೇ ಅರಯಃ’ ಎನ್ನಬೇಕಾದಲ್ಲಿ ‘ಹೇಲಯಃ’ ಎಂದ ಅಸುರರು ಸೋತುಹೋದರೆಂಬ ಪ್ರಸಂಗವು ಬಂತು. ನಮ್ಮಲ್ಲೊಬ್ಬ ತುಂಟನು, “ಹಾಗಾದರೆ ಗುರುಗಳೇ, ರಾಜಕುಮಾರರ ಗತಿಯೇನು?” ಎಂದುಬಿಟ್ಟನು. ನಾವೆಲ್ಲರೂ ತಲೆ ತಗ್ಗಿಸಿ ನಕ್ಕೆವು. ಗುರುಗಳಿಗೆ ಸಂಗತಿ ತಿಳಿಯದೆಂದು ನಾವೆಣಿಸಿದ್ದು ತಪ್ಪು. ಅವರ ಮನೆಯ ಎದುರಿಗೇ ಹೋಟೆಲಿನ ರೇಡಿಯೋ ಇದ್ದಿತು. ಅವರು ಕೋಪಿಸಿಕೊಳ್ಳಲಿಲ್ಲ. “ಅವಸರವೇಕೆ? ಮುಂದೆ ಓದು” ಎಂದರು.

ಮುಂದೆ ಬರುವುದು ಯರ್ವಾಣಸ್ತರ್ವಾಣರೆಂಬ ಋಷಿಗಳ ಪ್ರಸಂಗ. ಅವರು ಧರ್ಮವನ್ನು ಕಣ್ಣಾರೆ ಕಂಡವರು, ತಿಳಿಯಬೇಕಾದುದನ್ನೆಲ್ಲ ತಿಳಿದವರು. ಆದರೂ ‘ಯದ್ವಾ ನಃ, ತದ್ವಾ ನಃ’ ಎನ್ನಬೇಕಾದಲ್ಲಿ ‘ಯರ್ವಾಣಃ, ತರ್ವಾಣಃ’ ಎನ್ನುತ್ತಿದ್ದರಂತೆ. ಅದೇ ಅವರಿಗೆ ಹೆಸರಾಗಿ ನಿಂತಿತು. ಯಜ್ಞಕರ್ಮದಲ್ಲಿ ಮಾತ್ರ ಅವರು ಹಾಗೆ ನುಡಿಯುತ್ತಿರಲಿಲ್ಲ; ಅಸುರರು ನುಡಿದುದು ಯಜ್ಞಕರ್ಮದಲ್ಲಿ; ಅದರಿಂದಲೇ ಸೋತರು. ಗುರುಗಳು ಪುಸ್ತಕವನ್ನು ಮುಚ್ಚಿ, “ಆತನು ಹಾಡುತ್ತಿರುವುದು ಯಜ್ಞದಲ್ಲಲ್ಲವಷ್ಟೆ? ಹಾಗಾದರೆ ಅವನನ್ನು ಅಸುರರ ಪಂಕ್ತಿಯಲ್ಲಿ ಕೂರಿಸಬೇಡಿ, ಋಷಿಗಳ ಪಂಕ್ತಿಯಲ್ಲಿ ಕೂರಿಸಿ. ತಾಳ ತಪ್ಪಿದ್ದಾನೆಯೇ? ಶ್ರುತಿ ತಪ್ಪಿದ್ದಾನೆಯೇ? ಅದನ್ನು ಹೇಳಿ” ಎಂದರು. ನಾವು ಸುಮ್ಮನಾದೆವು. ಎರಡೂ ತಪ್ಪಿರಲಿಲ್ಲ.

ಪಾಠವನ್ನು ಕೇಳಿದೆನು, ಕಲಿಯಲಿಲ್ಲ. ಕಲಿಯಲಿಲ್ಲವೆಂಬುದು ಹದಿಮೂರು ವರ್ಷಗಳ ಮೇಲೆ ಸಿದ್ಧವಾಯಿತು.

ಆ ವೇಳೆಗೆ ನಾನು ಮಡಿಕೇರಿಯ ಸೀಮೆಯ ಒಂದು ಪ್ರೌಢಶಾಲೆಯಲ್ಲಿ ಸಂಸ್ಕೃತ-ಕನ್ನಡಗಳ ಉಪಾಧ್ಯಾಯನಾಗಿದ್ದೆನು. ಉಪಾಧ್ಯಾಯರ ಕೊಠಡಿಯಲ್ಲಿ ಸಂಸ್ಕೃತದ ಮೇಷ್ಟರ ಸ್ಥಾನವು ಎಂತಹುದೆಂಬುದನ್ನು ಅನುಭವಸ್ಥರು ಬಲ್ಲರು: ಗೌರವಕ್ಕೆ ಕೊರತೆಯಿಲ್ಲ, ಗಣನೆಗೆ ಮಾತ್ರ ಬಾರನು. ೧೯೯೧ರ ಒಂದು ದಿನ ಮುಖ್ಯೋಪಾಧ್ಯಾಯರು ಇಲ್ಲದ ಹೊತ್ತಿನಲ್ಲಿ, ಶುಲ್ಕದ ವಿಷಯವಾಗಿ ಬಂದಿದ್ದ ಒಂದು ಇಂಗ್ಲಿಷ್ ಸುತ್ತೋಲೆಯನ್ನು ಎಲ್ಲರಿಗೂ ಓದಿ ಹೇಳುವ ಸರದಿ ನನಗೆ ಬಂತು. ರಸೀದಿ ಎಂಬರ್ಥದ ಇಂಗ್ಲಿಷ್ ಶಬ್ದವನ್ನು ನಾನು ‘ರಿಸೀಪ್ಟ್’ ಎಂದು ಓದಿದೆನು. ಬರೆದ ಅಕ್ಷರವನ್ನು ನುಡಿಯದೆ ಬಿಡುವುದು ನಮ್ಮ ಶಾಸ್ತ್ರದಲ್ಲಿ ಅಕ್ಷರಕ್ಕೆ ಮಾಡುವ ಅಪಚಾರ. ಇಂಗ್ಲಿಷಿನಲ್ಲಿ ಅದನ್ನು ನುಡಿಯುವುದೇ ಅಪಚಾರವೆಂಬುದು ನನಗಾಗ ತಿಳಿದಿರಲಿಲ್ಲ. ಕೊಠಡಿಯು ನಕ್ಕಿತು. ಕೆಟ್ಟ ನಗೆಯಲ್ಲ, ಚಹವನ್ನು ಕುಡಿಯುತ್ತ ನಗುವ ಸಾಮಾನ್ಯ ನಗೆ. ಆದರೆ ಅಂದಿನಿಂದ ಆ ಶಬ್ದವು ನನಗೊಂದು ಅಡ್ಡಹೆಸರಾಯಿತು. ಯರ್ವಾಣಸ್ತರ್ವಾಣರಿಗೆ ಆದಂತೆಯೇ ನನಗೂ ಆಯಿತಲ್ಲಾ ಎಂದು ನಕ್ಕು ಬಿಡಬಹುದಾಗಿತ್ತು. ನಾನು ನಗಲಿಲ್ಲ. ಅದು ಒಳಗೇ ಮುಳ್ಳಿನಂತೆ ನಿಂತಿತು.

ಅದಾದ ಕೆಲವು ವಾರಗಳಿಗೆ ಶಾಲೆಯ ವಾರ್ಷಿಕೋತ್ಸವ. ಹಾಡುವ ಮಕ್ಕಳನ್ನು ಆರಿಸುವ ಕೆಲಸವು ಉಚ್ಚಾರಣೆ ಬಲ್ಲವನೆಂದು ನನ್ನ ಪಾಲಿಗೇ ಬಂದಿತ್ತು. ಎಂಟನೆಯ ತರಗತಿಯ ಒಬ್ಬ ಹುಡುಗನು ಬಂದು ನಿಂತನು. ಅವನ ತಂದೆಯು ಮದುವೆ ಮನೆಗಳಲ್ಲಿ ವಾಲಗ ಊದುವವನು. ಕೊಡಗಿನ ವಾಲಗವನ್ನು ಕೇಳಿದವರಿಗೆ ಅದನ್ನು ವರ್ಣಿಸಬೇಕಾಗಿಲ್ಲ. ಕೇಳದವರಿಗೆ ವರ್ಣಿಸಿ ಫಲವಿಲ್ಲ. ಎಂತಹ ಗಂಭೀರ ಹಿರಿಯನ ಕಾಲನ್ನಾದರೂ ಅದು ನೆಲದಿಂದ ಎತ್ತಿಸುವುದು. ಆ ಊದುವವರು ಹಳೆಯ ಮಟ್ಟುಗಳ ನಡುವೆ ಸಿನೆಮಾ ಮಟ್ಟುಗಳನ್ನೂ ಊದುವುದುಂಟು. ಹುಡುಗನ ತಂದೆಯು ಊದುತ್ತಿದ್ದ ಮಟ್ಟುಗಳಲ್ಲಿ ರಾಜಕುಮಾರರ ಈ ಗಡಿಯಾರದ ಹಾಡೂ ಒಂದು. ಹುಡುಗನು ಮಟ್ಟನ್ನು ತಂದೆಯಿಂದ ಕಲಿತು, ಮಾತನ್ನು ಯಾರದೋ ಟೇಪ್ ರೆಕಾರ್ಡರಿನಿಂದ ಕಿವಿಯಾರೆ ಹಿಡಿದಿದ್ದನು.

ಹಾಡತೊಡಗಿದನು. ಬೆರಳುಗಳಿಂದ ತೊಡೆಯ ಮೇಲೆ ತಾಳ. ತಾಳವು ಒಂದು ಎಳ್ಳುಕಾಳಿನಷ್ಟೂ ಅತ್ತಿತ್ತ ಹೋಗಲಿಲ್ಲ. ಬೆಂಚುಗಳ ಮೇಲಿದ್ದ ಮಕ್ಕಳ ಕಾಲುಗಳು ತಾವಾಗಿಯೇ ಅಲುಗಿದುವು. ಆದರೆ ಮಾತು? ಅವನು ಶಬ್ದಗಳನ್ನು ಬಿಡಿಬಿಡಿಯಾಗಿ ಅರಿತವನಲ್ಲ. ಒಂದಕ್ಕೊಂದು ಅಂಟಿಕೊಂಡು, ಒಂದು ಉದ್ದನೆಯ ನಾದವಾಗಿ ಅವನ ಬಾಯಿಂದ ಹೊರಟುವು. ನಮ್ಮ ವೇದಾಧ್ಯಯನದಲ್ಲಿಯೂ ಮೊದಲು ಸಂಹಿತೆ, ಆಮೇಲೆ ಪದಪಾಠವಲ್ಲವೇ? ಹುಡುಗನು ಸಂಹಿತೆಯಾಗಿ ಕಲಿತಿದ್ದನು. ಇದನ್ನು ಗುರುತಿಸಬಲ್ಲವನು ಆ ಶಾಲೆಯಲ್ಲಿ ನಾನೊಬ್ಬನೇ. ಗುರುತಿಸಲಿಲ್ಲ.

“ನಿಲ್ಲಿಸು. ಅದೇನು ಶಬ್ದ? ಬಿಡಿಸಿ ಹೇಳು” ಎಂದೆನು. ಹುಡುಗನು ಬಿಡಿಸಲಾರದೆ ಹೋದನು. ಮತ್ತೆ ಹೇಳಿಸಿದೆನು, ಮತ್ತೆ ತಪ್ಪಿದನು. ಮಕ್ಕಳಲ್ಲೊಬ್ಬನು ಕಿಸಕ್ಕೆಂದನು. ಆ ಕಿಸಕ್ಕೆಂಬ ಸದ್ದು ನನಗೆ ಹಿತವಾಯಿತೆಂಬುದನ್ನು ಇಂದು ಬರೆಯುವಾಗ ನನ್ನ ಲೇಖನಿಯು ನಡುಗುವುದು, ಆದರೂ ಬರೆಯುವೆನು. ನಾನು ಹುಲಿಯ ಹೋಲಿಕೆಯನ್ನು ತೆಗೆದು, ಅಕ್ಷರವನ್ನು ಹೇಗೆ ಹಿಡಿಯಬೇಕೆಂದು ಇಡಿಯ ತರಗತಿಗೆ ಉಪದೇಶವನ್ನು ಮಾಡಿದೆನು; ಮಾಡಿ, ಪ್ರತಿಯೊಂದು ಶಬ್ದಕ್ಕೂ ಅವನನ್ನು ನಿಲ್ಲಿಸಿ ತಿದ್ದಿದೆನು. ತರಗತಿಯೆಲ್ಲ ನಕ್ಕಿತು. ಹುಡುಗನು ಅಳಲಿಲ್ಲ. ತಾಳ ಹಾಕುತ್ತಿದ್ದ ಬೆರಳುಗಳನ್ನು ಮಡಿಸಿ ಮುಷ್ಟಿಮಾಡಿಕೊಂಡನು. ವಾರ್ಷಿಕೋತ್ಸವದಲ್ಲಿ ಅವನು ಹಾಡಲಿಲ್ಲ. ಆಮೇಲೆ ಶಾಲೆಯಲ್ಲಿ ಎಂದೂ ಹಾಡಲಿಲ್ಲ. ಮುಂದಿನ ವರ್ಷ ಬೇರೆ ಊರಿಗೆ ಹೋದರೆಂದು ಕೇಳಿದೆನು.

ಸುತ್ತೋಲೆಯ ದಿನ ನನ್ನ ಮೇಲೆ ಬಿದ್ದ ನಗೆಯನ್ನು ನಾನು ಆ ಹುಡುಗನ ತಲೆಯ ಮೇಲೆ ಇಳಿಸಿದೆನು. ಇದಿಷ್ಟೇ ಸಂಗತಿ. ಆದರೆ ಇದನ್ನು ಇದಿಷ್ಟೇ ಮಾತುಗಳಲ್ಲಿ ನನಗೆ ನಾನೇ ಹೇಳಿಕೊಳ್ಳಲು ಮೂವತ್ತು ವರ್ಷಗಳಿಗೂ ಮೇಲೆ ಬೇಕಾಯಿತು.

ಇನ್ನು ಹಾಡಿನ ಮುಂದಿನ ಚರಿತ್ರೆ. ನಕ್ಕವರು ನಕ್ಕಂತೆಯೇ ಇದ್ದರು. ಹಾಡು ತನ್ನ ಪಾಡಿಗೆ ತಾನು ಬಾಳಿತು. ಹಾಡಿದವರು ೧೯೮೨ರ ಗೋಕಾಕ ಚಳವಳಿಯ ಮುಂದಾಳಾಗಿ ಊರೂರು ತಿರುಗಿ, ನಾಡಿನ ಶಾಲೆಗಳಲ್ಲಿ ಕನ್ನಡಕ್ಕೆ ಮೊದಲ ಸ್ಥಾನವಿರಬೇಕೆಂದು ಜನರನ್ನು ಎಬ್ಬಿಸಿದರು. ಯಾರ ಹೆಸರಿನ ವರದಿಗಾಗಿ ಆ ಚಳವಳಿಯು ನಡೆಯಿತೋ ಆ ವಿ. ಕೃ. ಗೋಕಾಕರು ಕನ್ನಡದ ಕವಿಗಳಾಗಿದ್ದಂತೆಯೇ ಇಂಗ್ಲಿಷಿನ ಪ್ರಾಧ್ಯಾಪಕರೂ ಆಗಿದ್ದರು. ಇಂಗ್ಲಿಷಿನಲ್ಲಿ ಹಾಡಿದವನು ಕನ್ನಡಕ್ಕಾಗಿ ಹೋರಾಡಬಹುದೇ ಎಂದು ಜನಸಾಮಾನ್ಯರು ಯಾರೂ ಕೇಳಲಿಲ್ಲ. ಅವರಿಗೆ ಅದರಲ್ಲಿ ವಿರೋಧವೇ ಕಾಣಲಿಲ್ಲ. ತನ್ನ ಮನೆಯಲ್ಲಿ ನೆಲೆಯಾಗಿ ನಿಂತವನು ನೆರೆಮನೆಯ ಅಂಗಳದಲ್ಲಿ ಒಂದು ಕುಣಿತ ಕುಣಿದು ಬಂದರೆ ಮನೆಗೇನು ಕುಂದು? ೧೯೯೨ರ ‘ಜೀವನ ಚೈತ್ರ’ದಲ್ಲಿ ತೋಡಿರಾಗದ ಹಾಡಿಗಾಗಿ ಅದೇ ಕಂಠಕ್ಕೆ ರಾಷ್ಟ್ರಪ್ರಶಸ್ತಿಯು ಬಂದಾಗ ಪಂಡಿತರು ತಲೆದೂಗಿದರು. ತೋಡಿಯ ಆ ಹಿಡಿತವೂ ಗಡಿಯಾರದ ಹಾಡಿನ ಆ ಹಿಡಿತವೂ ಒಂದೇ ಗಂಟಲಿನವೆಂಬುದು ನಮಗೆ ಹೊಳೆಯಲಿಲ್ಲ.

೨೦೦೫ರಲ್ಲಿ ಯೂಟ್ಯೂಬ್ ಎಂಬುದು ಹುಟ್ಟಿದ ಮೇಲೆ ಹಳೆಯ ಹಾಡುಗಳಿಗೆಲ್ಲ ಪುನರ್ಜನ್ಮವಾಯಿತು. ಕನ್ನಡವೆಂಬ ಭಾಷೆಯನ್ನು ಅರಿಯದ ಹೊರನಾಡಿನವರೂ ಈ ಹಾಡನ್ನು ಕಂಡರು. ಅವರಲ್ಲಿ ಹಲವರು ಮೊದಲು ನಕ್ಕುದೂ ಉಂಟು. ಆದರೆ ನಗುತ್ತ ಕೇಳಿದವರು ಎರಡನೆಯ ಸಲ ತಾಳ ಹಾಕುತ್ತ ಕೇಳಿದರು. ಮೂರನೆಯ ಸಲ ಎದ್ದು ಕುಣಿದರು. ನಗೆಯು ಪ್ರೀತಿಯಾಗಿ ತಿರುಗಿತು. ವಿಜಯದಶಮಿಯ ರಾತ್ರಿ ನಮ್ಮ ಬೀದಿಯಲ್ಲಿ ಕುಣಿದ ತರುಣರಲ್ಲಿ ಉಚ್ಚಾರಣೆಯ ವಿಚಾರವನ್ನು ಎತ್ತಿದವನು ಒಬ್ಬನೂ ಇರಲಿಲ್ಲ.

ಮೊಮ್ಮಗನು ಹೇಳಿದ ‘ಫಂಕ್’ ಎಂಬ ಶಬ್ದವು ನನ್ನನ್ನು ಬಿಡಲಿಲ್ಲ. ಶಬ್ದದ ಬೆನ್ನು ಹತ್ತುವುದು ನಮ್ಮವರ ಹಳೆಯ ಚಟ. ಅದಕ್ಕೆ ಮೂಲದಲ್ಲಿ ಘಾಟು ವಾಸನೆಯೆಂದು ಅರ್ಥವಂತೆ. ದುಡಿದ ಮೈಯ ಬೆವರಿನ ವಾಸನೆಗೂ ಆ ಹೆಸರು ಬಂತು. ಅಮೆರಿಕದ ಕರಿಯ ಜನರು ಅದನ್ನೇ ತಮ್ಮ ಸಂಗೀತಕ್ಕೆ ಹೆಮ್ಮೆಯ ಹೆಸರನ್ನಾಗಿ ಮಾಡಿಕೊಂಡರು. ಆ ಸಂಗೀತಕ್ಕೆ ರೂಪಕೊಟ್ಟವರಲ್ಲಿ ಮುಖ್ಯನಾದವನು ಜೇಮ್ಸ್ ಬ್ರೌನ್. ೧೯೬೭ರಲ್ಲಿ ಅವನು ಹಾಡಿದ ಒಂದು ಪ್ರಸಿದ್ಧವಾದ ಹಾಡಿನ ಹೆಸರೇ ‘ಕೋಲ್ಡ್ ಸ್ವೆಟ್’, ಎಂದರೆ ತಣ್ಣನೆಯ ಬೆವರು. ಅಲ್ಲಿಯವರೆಗೆ ಅವರ ಜನಪ್ರಿಯ ಹಾಡುಗಳಲ್ಲಿ ನಾಲ್ಕು ಎಣಿಕೆಯ ಆವರ್ತದ ಎರಡನೆಯ, ನಾಲ್ಕನೆಯ ಎಣಿಕೆಗಳಿಗೆ ಒತ್ತು ಬೀಳುತ್ತಿದ್ದರೆ, ಇವನು ಮೊದಲನೆಯ ಎಣಿಕೆಯ ಮೇಲೆಯೇ ಎಲ್ಲ ಭಾರವನ್ನೂ ಹಾಕಿಸಿದನು. ಉಳಿದ ವಾದ್ಯಗಳು ಎಲ್ಲಿ ಅಲೆದರೂ ಆ ಮೊದಲ ಎಣಿಕೆಯಲ್ಲಿ ಬಂದು ಕೂಡಬೇಕು. ನಾವು ‘ಸಮ’ ಎನ್ನುವುದು ಅದನ್ನೇ ಅಲ್ಲವೇ? ಎಲ್ಲಿಯ ಅಮೆರಿಕ, ಎಲ್ಲಿಯ ತಾಳಶಾಸ್ತ್ರ! ರಾಜಕುಮಾರರ ಹಾಡು ಜಾತಿಶುದ್ಧವಾದ ಫಂಕ್ ಅಲ್ಲವೆಂದು ಬಲ್ಲವರು ಹೇಳಬಹುದು. ಆ ಕಾಲದಲ್ಲಿ ಲೋಕವನ್ನೆಲ್ಲ ಮುಸುಕಿದ್ದ ಡಿಸ್ಕೋ ಎಂಬುದರ ಗಾಳಿಯೂ ನಮ್ಮ ಸಿನೆಮಾ ಸಂಗೀತದ ಮಣ್ಣೂ ಅದರಲ್ಲಿ ಬೆರೆತಿವೆ. ಆದರೆ ನಡೆ ಮಾತ್ರ ಅದೇ ನಡೆ.

ಆ ಜೇಮ್ಸ್ ಬ್ರೌನನೂ ಬಡವರ ಮಗ. ಏಳನೆಯ ತರಗತಿಗೇ ಶಾಲೆಯನ್ನು ಬಿಟ್ಟವನು. ರಾಜಕುಮಾರರು ೨೦೦೬ರ ಏಪ್ರಿಲ್ ೧೨ರಂದು ತೀರಿಕೊಂಡರು. ಅದೇ ವರ್ಷದ ಡಿಸೆಂಬರ್ ೨೫ರಂದು ಅವನೂ ತೀರಿಕೊಂಡನು. ಒಬ್ಬರನ್ನೊಬ್ಬರು ಕಂಡವರಲ್ಲ. ಇಬ್ಬರಿಗೂ ವಿದ್ಯೆಯು ಪುಸ್ತಕದಿಂದ ಬಾರದೆ ಕಿವಿಯಿಂದ ಬಂತು. ಇಬ್ಬರ ಹಾಡಿಗೂ ಓದಿದವರ ಕಾಲುಗಳು ಕುಣಿದುವು. ನಮ್ಮ ಮದುವೆ ಮನೆಗಳಲ್ಲಿ ಚಪ್ಪರದ ಅಂಚಿನಲ್ಲಿ ನಿಂತು ಊದುವವರ ವಾಲಗಕ್ಕೆ ಒಳಗಿನ ನೆಂಟರೆಲ್ಲ ಕುಣಿಯುವುದು ನನಗೆ ನೆನಪಾಯಿತು. ಆ ಹುಡುಗನು ಮಡಿಸಿಕೊಂಡ ಬೆರಳುಗಳೂ ನೆನಪಾದುವು.

ದಸರೆಯು ಕಳೆದು ಒಂದೆರಡು ತಿಂಗಳಿಗೆ ಮಡಿಕೇರಿಯಲ್ಲಿ ಪರಿಚಿತರ ಮದುವೆಯಾಯಿತು. ಊಟವಾದ ಮೇಲೆ ನಾನು ವಾಲಗದವರು ಕುಳಿತಿದ್ದಲ್ಲಿಗೆ ಹೋಗಿ, ಅವರಲ್ಲಿ ಹಿರಿಯನಾದವನೊಡನೆ ಆ ಹುಡುಗನ ತಂದೆಯ ಗುರುತನ್ನು ಹೇಳಿ ವಿಚಾರಿಸಿದೆನು. “ಅವರು ಹೋಗಿ ತುಂಬ ಕಾಲವಾಯ್ತು ಸಾರ್. ಮಗ ಇದ್ದಾನೆ. ಕುಶಾಲನಗರದಲ್ಲಿ ಪಿಕಪ್ ಗಾಡಿ ಓಡಿಸ್ತಾನೆ” ಎಂದನು. “ಹಾಡುತ್ತಾನೆಯೇ?” ಎಂದೆನು. ಅವನು ಪ್ರಶ್ನೆಯು ವಿಚಿತ್ರವೆಂಬಂತೆ ನೋಡಿ, “ಇಲ್ಲ ಸಾರ್, ಗಾಡಿ ಓಡಿಸ್ತಾನೆ” ಎಂದನು.

ಮರುವಾರ ಬಸ್ಸು ಹತ್ತಿ ಘಟ್ಟವಿಳಿದು ಕುಶಾಲನಗರಕ್ಕೆ ಹೋದೆನು. ಗಾಡಿಗಳು ನಿಲ್ಲುವಲ್ಲಿ ಕೇಳಿದಾಗ ಒಬ್ಬನು ಕೈತೋರಿದನು. ಕೂದಲು ನರೆತ, ನಡುವಯಸ್ಸು ದಾಟುತ್ತಿದ್ದ ಗೃಹಸ್ಥನೊಬ್ಬನು ಗಾಡಿಯ ಬಾಗಿಲಿಗೊರಗಿ ನಿಂತಿದ್ದನು. ನಾನು ಹೆಸರು ಹೇಳುವ ಮೊದಲೇ, “ಮೇಷ್ಟ್ರೇ!” ಎಂದು ಹತ್ತಿರ ಬಂದು ನಮಸ್ಕರಿಸಿದನು, ಹೋಟೆಲಿಗೆ ಕರೆದೊಯ್ದು ಕಾಫಿ ತರಿಸಿದನು. ಬಂದ ಕಾರಣವನ್ನು ನಾನು ಹೇಳಿದೆನು. ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ವಾಕ್ಯಗಳೆಲ್ಲ ಗಂಟಲಲ್ಲಿಯೇ ನಿಂತು, ಕೊನೆಗೆ, “ಅಂದು ನಾನು ನಿನಗೆ ಅನ್ಯಾಯ ಮಾಡಿದೆನಪ್ಪಾ, ತಪ್ಪಾಯಿತು” ಎಂದಷ್ಟೇ ಹೊರಟಿತು.

ಅವನು ಲೋಟದೊಳಗೆ ನೋಡುತ್ತ ಸ್ವಲ್ಪ ಹೊತ್ತು ಸುಮ್ಮನಿದ್ದನು. ಅನಂತರ ನಕ್ಕನು. “ಅದೆಲ್ಲ ಈಗ ಎಂಥಕ್ಕೆ ಮೇಷ್ಟ್ರೇ? ಹಾಡಿದ್ದು, ಬಿಟ್ಟಿದ್ದು ನನಗೆ ನೆನಪಿಲ್ಲ. ನೀವು ಹುಲಿ ಮರಿ ಕಚ್ಚಿಕೊಂಡು ಹೋಗೋ ಕಥೆ ಹೇಳಿದ್ರಿ, ಅದು ನೆನಪಿದೆ. ನನ್ನ ಮಗಳಿಗೂ ಹೇಳಿದ್ದೇನೆ.”

ನಿಜವಾಗಿಯೂ ಮರೆತಿದ್ದನೋ, ಮುದುಕನ ಮನಸ್ಸು ನೋಯಬಾರದೆಂದು ಹಾಗೆಂದನೋ, ನಾನರಿಯೆನು. ಹಲ್ಲು ನಾಟಿದ ಮರಿಯು ಹುಲಿಯನ್ನು ಸಂತೈಸಿದಂತಾಯಿತು. ಮುಂದೆ ಮಾತನಾಡಲು ನನ್ನಿಂದಾಗಲಿಲ್ಲ.

ಮಡಿಕೇರಿಗೆ ಸಾಮಾನು ಒಯ್ಯುವುದಿದೆಯೆಂದು ಹೇಳಿ ಅವನು ನನ್ನನ್ನು ಗಾಡಿಯಲ್ಲಿಯೇ ಕೂರಿಸಿಕೊಂಡನು. ಸುಂಟಿಕೊಪ್ಪವು ದಾಟಿತು. ಎರಡು ಕಡೆಯೂ ಕಾಫಿ ತೋಟ, ಮಂಜು ಇಳಿಯತೊಡಗಿತ್ತು. ಅವನು ಗಾಡಿಯ ರೇಡಿಯೋದ ಗುಂಡಿಯನ್ನು ಒತ್ತಿ, ಮೊಬೈಲಿನಲ್ಲಿ ಏನನ್ನೋ ಹುಡುಕಿದನು. ಗಡಿಯಾರದ ಸದ್ದು ಆರಂಭವಾಯಿತು. ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ಚಕ್ರವನ್ನು ಹಿಡಿದಿದ್ದ ಅವನ ಬೆರಳುಗಳು ತಾಳ ಹಾಕತೊಡಗಿದುವು. ಮೊದಲ ಎಣಿಕೆಯು ಒಂದು ಸಲವೂ ತಪ್ಪಲಿಲ್ಲ. ತಿರುವೊಂದನ್ನು ದಾಟುವಾಗ, ತನಗೆ ತಿಳಿಯದೆಯೇ ಎಂಬಂತೆ, ಅವನು ಮೆಲ್ಲನೆ ಹಾಡಿನೊಡನೆ ದನಿಗೂಡಿಸಿದನು. ಶಬ್ದಗಳು ಹಿಂದಿನಂತೆಯೇ ಒಂದಕ್ಕೊಂದು ಅಂಟಿಕೊಂಡು ಹೊರಟುವು. ನಾನು ಕೇಳುತ್ತ ಕುಳಿತೆನು.